ಹಾಡುವ ಸಭೆಯಲ್ಲಿ ಹೇಳದ ನೋವು

ಭಾನುವಾರದ ಆರಾಧನೆಯಲ್ಲಿ ಸಭಾಪಾಲಕರು ಪ್ರಾರ್ಥನೆಯ ಕೋರಿಕೆಗಳನ್ನು ಕೇಳುವ ಹೊತ್ತು. ಒಬ್ಬರ ಸಕ್ಕರೆ ಕಾಯಿಲೆ, ಇನ್ನೊಬ್ಬರ ಮುರಿದ ಕಾಲು, ಮತ್ತೊಬ್ಬರ ಮಗನ ಪರೀಕ್ಷೆ, ಎಲ್ಲವೂ ಹೆಸರು ಹಿಡಿದು ದೇವರ ಮುಂದೆ ಬರುತ್ತವೆ. ಆದರೆ ‘ನನ್ನ ಮಗಳಿಗೆ ಮನಸ್ಸಿನ ಕಾಯಿಲೆ’ ಎಂದು ಎದ್ದು ನಿಂತು ಹೇಳುವ ತಾಯಿ ಅಪರೂಪ.

ಬೀದರಿನ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ತಂದೆಗೆ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ಪಾಳಿ ಕೆಲಸ. ಮಗಳು ದ್ವಿತೀಯ ಪಿಯುಸಿ. ಚರ್ಚಿನಲ್ಲಿ ಮುಂದೆ ನಿಂತು ಹಾಡುತ್ತಿದ್ದವಳು ಈಗ ಮೂಲೆ ಹಿಡಿದಿದ್ದಾಳೆ. ಊಟ ಸೇರದು, ನಿದ್ದೆ ಬಾರದು, ಓದಿದ್ದು ತಲೆಗೆ ಹತ್ತದು. ‘ಪ್ರಾರ್ಥನಿ ಮಾಡವ್ವಾ, ನಿನ್ನ ವಿಶ್ವಾಸ ಕಮ್ಮಿ ಆಗ್ಯಾದ’ ಎನ್ನುತ್ತಾರೆ ದೊಡ್ಡಮ್ಮ. ‘ಹೊರಗ ಹೇಳಬ್ಯಾಡ್ರಿ, ನಾಳಿ ಲಗ್ನ ಮಾಡಬೇಕು’ ಎನ್ನುತ್ತಾನೆ ತಂದೆ. ಇಬ್ಬರದೂ ಪ್ರೀತಿಯೇ. ಆದರೆ ಹುಡುಗಿಗೆ ಕಾಯಿಲೆಯ ಜೊತೆಗೆ ಪಾಪಪ್ರಜ್ಞೆಯ ಹೊರೆಯೂ ಸೇರಿತು.

ವಿಶ್ವಾಸ ಗಟ್ಟಿಯಿದ್ದರೆ ಮನಸ್ಸಿಗೆ ಕಾಯಿಲೆ ಬಾರದೆ? ಇತಿಹಾಸ ಹಾಗೆ ಹೇಳುವುದಿಲ್ಲ.

ಪಕ್ಕದ ಕೋಣೆಯ ಡೊರೊಥಿ

1817ರಲ್ಲಿ ಸೆರಾಂಪುರದಿಂದ ಕನ್ನಡ ವ್ಯಾಕರಣವೊಂದನ್ನು ಪ್ರಕಟಿಸಿದ ವಿಲಿಯಂ ಕೇರಿಯ ಹೆಸರನ್ನು ಕನ್ನಡ ವಿದ್ಯಾರ್ಥಿಗಳು ಕೇಳಿರಬಹುದು. ಭಾರತದ ಹಲವು ಭಾಷೆಗಳಿಗೆ ಬೈಬಲ್ ತಂದ ಮಿಷನರಿ ಆತ. ಆತನ ಹೆಂಡತಿ ಡೊರೊಥಿಯ ಹೆಸರು ಕೇಳಿದವರು ಕಡಿಮೆ.

ಇಂಗ್ಲೆಂಡಿನ ಹಳ್ಳಿಯೊಂದರ ಈ ಹೆಣ್ಣುಮಗಳಿಗೆ ಭಾರತಕ್ಕೆ ಬರುವ ಮನಸ್ಸಿರಲಿಲ್ಲ. ಒತ್ತಾಯಕ್ಕೆ ಮಣಿದು 1793ರಲ್ಲಿ ಎಳೆಗೂಸನ್ನು ಎತ್ತಿಕೊಂಡು ಹಡಗು ಹತ್ತಿದಳು. ಮರುವರ್ಷ ಬಂಗಾಳದಲ್ಲಿ ಐದು ವರ್ಷದ ಮಗ ಪೀಟರ್ ತೀರಿಕೊಂಡ. ಆಮೇಲೆ ಅವಳ ಮನಸ್ಸು ಹದಕ್ಕೆ ಬರಲಿಲ್ಲ. ಗಂಡನ ಮೇಲೆ ಇಲ್ಲದ ಸಂಶಯ, ರಂಪ. ಕೊನೆಗೆ ಅವಳನ್ನು ಕೋಣೆಯಲ್ಲಿ ಕೂಡಿಟ್ಟರು. ಒಂದು ಕೋಣೆಯಲ್ಲಿ ಬೈಬಲ್ ಅನುವಾದ, ಪಕ್ಕದ ಕೋಣೆಯಲ್ಲಿ ಅವಳ ಕೂಗು. 1807ರಲ್ಲಿ ಅವಳು ಕಣ್ಣುಮುಚ್ಚಿದಳು.

ಆ ಮನೆಯಲ್ಲಿ ಪ್ರಾರ್ಥನೆಗೆ ಕೊರತೆಯಿತ್ತೆಂದು ಯಾರು ಹೇಳಿಯಾರು? ಕೊರತೆಯಿದ್ದದ್ದು ಔಷಧಿಗೆ. ಸ್ಕಿಜೋಫ್ರೇನಿಯಾದಂತಹ ಕಾಯಿಲೆಗಳಿಗೆ ಪರಿಣಾಮಕಾರಿ ಮಾತ್ರೆ ಬಂದದ್ದೇ 1950ರ ದಶಕದಲ್ಲಿ. ಇಂದು ನಮಗೆ ಆ ನೆಪವಿಲ್ಲ.

ಎಲ್ಲರ ಮನೆಯ ಮಾತು

ಇದು ಕ್ರೈಸ್ತರೊಬ್ಬರ ಕಥೆಯಲ್ಲ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ, ದರ್ಗಾದ ಆಸರೆ ನಂಬಿ ಬಂದ ಮನೋರೋಗಿಗಳ ವಸತಿಗೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಿಗಿದಿದ್ದ 28 ಜನ ಓಡಲಾಗದೆ ಸುಟ್ಟುಹೋದರು. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಗೆ ಸರಪಳಿ ಹಾಕುವುದನ್ನು ನಿಷೇಧಿಸಿದೆ.

ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯಂತೆ 100 ವಯಸ್ಕರಲ್ಲಿ ಸುಮಾರು 10 ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆ. ಆ ಲೆಕ್ಕದಲ್ಲಿ 200 ಜನರ ಸಭೆಯೊಂದರಲ್ಲಿ ಸುಮಾರು 20 ಮಂದಿ. ಅವರಲ್ಲಿ ಬಹುಪಾಲು ಜನಕ್ಕೆ ಚಿಕಿತ್ಸೆ ಸಿಕ್ಕಿಲ್ಲ.

ಏನು ಮಾಡಬೇಕು?

ಪಾಲಕರೇ, ಎರಡು ವಾರ ಕಳೆದರೂ ಮಗುವಿನ ನಿದ್ದೆ, ಊಟ, ಓದು, ಗೆಳೆತನ ಕೆಟ್ಟಿದ್ದರೆ ಅದನ್ನು ಸೋಮಾರಿತನವೆನ್ನಬೇಡಿ. ಬೀದರಿನ ಬ್ರಿಮ್ಸ್ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಕರೆದೊಯ್ಯಿರಿ. ಭಾಲ್ಕಿ, ಔರಾದ ಕಡೆಯವರು ತಾಲ್ಲೂಕು ಆಸ್ಪತ್ರೆಯಲ್ಲಿ ‘ಮನೋಚೈತನ್ಯ’ದ ಬಗ್ಗೆ ವಿಚಾರಿಸಬಹುದು. ಮನೋವೈದ್ಯರು ಗೊತ್ತಾದ ಮಂಗಳವಾರ ತಾಲ್ಲೂಕಿಗೇ ಬರುವ ಈ ಯೋಜನೆ 2014ರಲ್ಲಿ ಶುರುವಾಯಿತು. ಹಗಲಿರುಳೂ ಕನ್ನಡದಲ್ಲಿ ಉಚಿತವಾಗಿ ಮಾತಾಡಲು ‘ಟೆಲಿ ಮಾನಸ್’ ಇದೆ. ಅದರ ಸಂಖ್ಯೆ 14416. ‘ಬದುಕು ಬೇಡ’ ಎಂಬ ಮಾತು ಮಗುವಿನ ಬಾಯಿಂದ ಬಂದರೆ ಬೈಯಬೇಡಿ, ಒಂಟಿಯಾಗಿಯೂ ಬಿಡಬೇಡಿ. ಅಂದೇ ವೈದ್ಯರ ಬಳಿಗೆ ಹೋಗಿ.

ವಿದ್ಯಾರ್ಥಿಗಳೇ, ಅವ್ವನಿಗೆ ಹೇಳಲಾಗದಿದ್ದರೆ ನೀವು ನಂಬುವ ಮೇಷ್ಟ್ರಿಗೆ ಅಥವಾ ಸಭಾಪಾಲಕರಿಗೆ ಹೇಳಿ. ಗೆಳತಿ ಮಾತು ಬಿಟ್ಟಿದ್ದರೆ ಹೋಗಿ ಪಕ್ಕದಲ್ಲಿ ಕೂಡಿ.

ಪ್ರಾರ್ಥನೆ ಬಿಡಬೇಕೆ? ಬೇಡ. ಆದರೆ ಪ್ರಾರ್ಥನೆಯ ಹೆಸರಿನಲ್ಲಿ ಮಾತ್ರೆ ನಿಲ್ಲಿಸಬಾರದು. ಬೈಬಲಿನ ಎಲೀಯನನ್ನೇ ನೋಡಿ. ಬಾಳನ ಪ್ರವಾದಿಗಳನ್ನು ಗೆದ್ದ ಆ ಪ್ರವಾದಿ ಗಿಡದ ಕೆಳಗೆ ಕುಸಿದು ಕುಳಿತು ಸಾವು ಬೇಡುತ್ತಾನೆ. ‘ನಿನ್ನ ವಿಶ್ವಾಸ ಎಲ್ಲಿ’ ಎಂದು ಅವನನ್ನು ದೂತ ಗದರಿಸಲಿಲ್ಲ. ಮಲಗಲು ಬಿಟ್ಟ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಹೂಜಿಯ ನೀರು ಕೊಟ್ಟ. ಮತ್ತೆ ಮಲಗಿದಾಗ ಇನ್ನೊಮ್ಮೆ ಬಂದು ಎಬ್ಬಿಸಿ ಉಣ್ಣಿಸಿದ.

ಸಭೆಯೂ ಮನೆಯೂ ಮೊದಲು ಮಾಡಬೇಕಾದ್ದು ಅಷ್ಟೇ. ಮುಂದಿನ ಭಾನುವಾರ ಒಬ್ಬ ತಾಯಿ ಎದ್ದು ನಿಂತು ಮಗಳ ಮನಸ್ಸಿನ ನೋವನ್ನು ಹೇಳಿದರೆ, ಹಿಂದಿನ ಸಾಲಿನಲ್ಲಿ ಪಿಸುಮಾತು ಏಳದಿರಲಿ. ಆಸ್ಪತ್ರೆಗೆ ಜೊತೆಯಲ್ಲಿ ಬರುವವರೊಬ್ಬರು ಏಳಲಿ.