ಮನೆ ಮುಂದಿನ ರಸ್ತೆಗೆ ಮನೆಗೇ ಬಿಲ್ಲು

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ಸ್ವಂತ ಮನೆ ಇದ್ದವರು ನಗರಾಡಳಿತದಿಂದ ಬರುವ ಒಂದು ಬಗೆಯ ಲಕೋಟೆಗೆ ಹೆದರುತ್ತಾರೆ. ಒಳಗಿನ ಕಾಗದದ ಸಾರಾಂಶ ಇಷ್ಟೇ: ನಿಮ್ಮ ಮನೆ ಮುಂದಿನ ರಸ್ತೆಯನ್ನು ಬುಡಸಮೇತ ಕಿತ್ತು ಹೊಸದಾಗಿ ಕಟ್ಟಲಿದ್ದೇವೆ, ಖರ್ಚಿನಲ್ಲಿ ನಿಮ್ಮ ಪಾಲು ಇಷ್ಟು ಸಾವಿರ ಡಾಲರ್, ತಕರಾರಿದ್ದರೆ ಇಂಥ ದಿನ ಸಭೆಗೆ ಬನ್ನಿ. ವರ್ಷವರ್ಷ ಕಟ್ಟುವ ಆಸ್ತಿ ತೆರಿಗೆಗೂ ಇದಕ್ಕೂ ಸಂಬಂಧವಿಲ್ಲ. ಇದರ ಹೆಸರು ‘ಸ್ಪೆಷಲ್ ಅಸೆಸ್‌ಮೆಂಟ್’. ಮಿನಿಯಾಪೊಲಿಸ್ ಮತ್ತು ಸೇಂಟ್ ಪಾಲ್ ಅವಳಿ ನಗರಗಳ ಸುತ್ತ ಮನೆ ಕೊಂಡಿರುವ ಕನ್ನಡಿಗರಿಗೂ ಈ ಲಕೋಟೆ ತಪ್ಪಿದ್ದಲ್ಲ. ತೆರಿಗೆ ಕಟ್ಟಿದ ಮೇಲೂ ರಸ್ತೆಗೆ ಬೇರೆ ದುಡ್ಡು ಯಾಕೆ ಎಂದು ಹೊಸಬರು ಕೇಳುತ್ತಾರೆ. ನಾಲ್ಕು ತಲೆಮಾರಿನಿಂದ ಅಲ್ಲೇ ಇರುವವರೂ ಕೇಳುವುದು ಅದನ್ನೇ.

ರಸ್ತೆಯನ್ನು ಬುಡಸಮೇತ ಕೀಳುವ ಪ್ರಸಂಗ ಅಲ್ಲಿ ಪದೇ ಪದೇ ಬರುವುದಕ್ಕೆ ಮೊದಲ ಕಾರಣ ಚಳಿ. ಮನೆಯ ಅಡಿಪಾಯ ರಾಜ್ಯದ ದಕ್ಷಿಣ ಭಾಗದಲ್ಲಿ 42 ಅಂಗುಲ, ಉತ್ತರದಲ್ಲಿ 60 ಅಂಗುಲ ಆಳಕ್ಕಾದರೂ ಇಳಿಯಬೇಕೆಂದು ಕಟ್ಟಡ ನಿಯಮವೇ ಹೇಳುತ್ತದೆ. ಚಳಿಗಾಲದಲ್ಲಿ ನೆಲ ಅಷ್ಟು ಆಳದವರೆಗೆ ಹೆಪ್ಪುಗಟ್ಟುತ್ತದೆ ಎಂದರ್ಥ. ರಸ್ತೆಯ ಅಡಿಯಲ್ಲಿ ನಿಂತ ನೀರು ಮಂಜುಗಡ್ಡೆಯಾಗಿ ಉಬ್ಬಿ ಡಾಂಬರನ್ನು ಮೇಲೆತ್ತುತ್ತದೆ. ವಸಂತದಲ್ಲಿ ಅದು ಕರಗಿದಾಗ ಕೆಳಗಿನ ಮಣ್ಣು ಕೆಸರಾಗಿ, ಮೇಲಿನ ಪದರ ಆಧಾರವಿಲ್ಲದೆ ಬಿರಿಯುತ್ತದೆ. ಆ ಕೆಲವು ವಾರ ಭಾರೀ ಲಾರಿಗಳ ತೂಕಕ್ಕೆ ಮಿತಿ ಹಾಕುವ ಪದ್ಧತಿ ಇರುವುದು ಇದಕ್ಕೇ. ಮೇಲಿನ ಪದರ ಕೆರೆದು ಹೊಸ ಡಾಂಬರು ಹಾಕಿದರೆ ಕೆಲವು ವರ್ಷ ದೂಡಬಹುದು. ಬುಡವೇ ಸಡಿಲವಾದ ಮೇಲೆ ಆ ಉಪಾಯ ನಡೆಯುವುದಿಲ್ಲ. ಅದೂ ಅಲ್ಲದೆ ಎರಡನೇ ಮಹಾಯುದ್ಧ ಮುಗಿದ ಮೇಲೆ ತರಾತುರಿಯಲ್ಲಿ ಎದ್ದ ಉಪನಗರಗಳಲ್ಲಿ ರಸ್ತೆಗೂ ಅದರಡಿಯ ನೀರಿನ ಕೊಳವೆ, ಒಳಚರಂಡಿಗೂ ಒಂದೇ ವಯಸ್ಸು. ಅಗೆಯುವುದಾದರೆ ಎಲ್ಲವನ್ನೂ ಒಟ್ಟಿಗೆ ಅಗೆಯಬೇಕು, ದುಡ್ಡೂ ಒಟ್ಟಿಗೇ ಬೇಕು.

ಆ ದುಡ್ಡಿನಲ್ಲಿ ಒಂದಷ್ಟನ್ನು ಅಕ್ಕಪಕ್ಕದ ಆಸ್ತಿಯವರಿಂದ ವಸೂಲು ಮಾಡಲು ಮಿನ್ನೆಸೋಟ ಸಂವಿಧಾನದ 10ನೇ ವಿಧಿಯೇ ಅವಕಾಶ ಕೊಟ್ಟಿದೆ. ಹೇಗೆಂಬುದನ್ನು ವಿವರಿಸುವುದು ರಾಜ್ಯ ಕಾನೂನಿನ 429ನೇ ಅಧ್ಯಾಯ. ಆ ರಾಜ್ಯದ ನಗರ ಎಂಜಿನಿಯರುಗಳೂ ವಕೀಲರೂ ಸುಮ್ಮನೆ ‘ಫೋರ್ ಟ್ವೆಂಟಿನೈನ್’ ಎಂದುಬಿಡುತ್ತಾರೆ, ನಾವು ಫೋರ್ ಟ್ವೆಂಟಿ ಎಂದ ಹಾಗೆ. ರಸ್ತೆಗೆ ತಾಗಿದ ಉದ್ದದಲ್ಲಿ ಕನಿಷ್ಠ ಶೇ 35ರಷ್ಟರ ಒಡೆಯರು ಅರ್ಜಿ ಹಾಕಿ ಕೇಳಿಕೊಂಡರೆ ಸಿಟಿ ಕೌನ್ಸಿಲ್ ಸರಳ ಬಹುಮತದಿಂದ ಕಾಮಗಾರಿಗೆ ಒಪ್ಪಬಹುದು. ಯಾರೂ ಕೇಳದೆ ತಾನಾಗಿ ಮಾಡುವುದಾದರೆ ಐದರಲ್ಲಿ ನಾಲ್ಕು ಪಾಲು ಸದಸ್ಯರ ಮತ ಬೇಕು. ಐವರ ಕೌನ್ಸಿಲ್‌ನಲ್ಲಿ ಇಬ್ಬರು ಕೈಕೊಟ್ಟರೆ ಯೋಜನೆ ಬಿದ್ದಂತೆ. ಈ ಹಾದಿಯಲ್ಲಿ ಎರಡು ಸಭೆ: ಕೆಲಸ ಬೇಕೋ ಬೇಡವೋ ಎಂಬುದಕ್ಕೆ ಒಂದು, ಯಾರ ಪಾಲು ಎಷ್ಟೆಂಬುದಕ್ಕೆ ಇನ್ನೊಂದು. ಹಲವರು ಎಡವುವುದು ಈ ಎರಡನೆಯದರಲ್ಲಿ. ಮೈಕಿನ ಮುಂದೆ ನಿಂತು ಎಷ್ಟು ಕೂಗಾಡಿದರೂ ಕಾನೂನಿನ ಲೆಕ್ಕಕ್ಕೆ ಬರುವುದಿಲ್ಲ. ಸಹಿ ಹಾಕಿದ ಲಿಖಿತ ತಕರಾರು ಸಭೆಗೆ ಮುಂಚೆ ಅಥವಾ ಸಭೆಯಲ್ಲೇ ದಾಖಲಾಗಬೇಕು. ಅದಾಗಿದ್ದರೆ, ಪಾಲಿನ ಪಟ್ಟಿ ಅಂಗೀಕಾರವಾದ 30 ದಿನದೊಳಗೆ ಜಿಲ್ಲಾ ನ್ಯಾಯಾಲಯಕ್ಕೆ ಹೋಗಬಹುದು.

ಪಾಲು ಹಂಚುವ ಕಸುಬು ನಿಜವಾಗಿ ಹೇಗೆ ಕೆಲಸ ಮಾಡುತ್ತದೆಂದು ನೋಡಲು ಒಂದು ಚಿಕ್ಕ ಬೀದಿಯನ್ನು ಕಲ್ಪಿಸಿಕೊಳ್ಳೋಣ. ಎಂಟು ಮನೆ. ಆರು ಸೈಟುಗಳು 80 ಅಡಿ ಅಗಲ, 150 ಅಡಿ ಉದ್ದ. ಏಳನೆಯದು ಕಾರ್ನರ್ ಸೈಟು; ಅದರ 180 ಅಡಿಯ ಉದ್ದ ಬದಿ ಈ ರಸ್ತೆಗೆ ತಾಗಿದೆ, 80 ಅಡಿಯ ಮುಖ ಇನ್ನೊಂದು ರಸ್ತೆಗಿದೆ. ಎಂಟನೆಯದು ಬೀದಿ ಮುಗಿಯುವ ದುಂಡನೆಯ ತಿರುವಿನಲ್ಲಿದೆ. ರಸ್ತೆ ಕಡೆ ಬರೀ 40 ಅಡಿ, ಹಿಂದಕ್ಕೆ ಹೋದಂತೆ ಅಗಲವಾಗಿ ಒಟ್ಟು 25,600 ಚದರಡಿ. ಮನೆಗಳವರಿಂದ 70,000 ಡಾಲರ್ ಎತ್ತಬೇಕು ಅನ್ನಿ.

ರಸ್ತೆಗೆ ತಾಗಿದ ಅಡಿಯ ಲೆಕ್ಕ ಹಿಡಿದರೆ ಒಟ್ಟು 700 ಅಡಿ, ಅಡಿಗೆ 100 ಡಾಲರ್. ಸಾಮಾನ್ಯ ಸೈಟಿಗೆ 8,000, ಕಾರ್ನರ್ ಸೈಟಿಗೆ 18,000, ತಿರುವಿನವನಿಗೆ 4,000. ಮನೆಗಿಷ್ಟು ಎಂದು ಸಮ ಹಂಚಿದರೆ ಎಲ್ಲರಿಗೂ 8,750. ವಿಸ್ತೀರ್ಣದ ಪ್ರಕಾರ ಹೋದರೆ ಸಾಮಾನ್ಯ ಸೈಟಿಗೆ 7,500, ಕಾರ್ನರ್‌ಗೆ 9,000, ತಿರುವಿನವನಿಗೆ 16,000. ಅದೇ ರಸ್ತೆ, ಅದೇ ಜಲ್ಲಿ, ಅದೇ ಗುತ್ತಿಗೆದಾರ. ಅಳತೆಗೋಲು ಬದಲಾದ ಕೂಡಲೇ ತಿರುವಿನ ಮನೆಯವನ ಪಾಲು ನಾಲ್ಕು ಪಟ್ಟಾಯಿತು, ಕಾರ್ನರ್‌ನವನದು ಅರ್ಧಕ್ಕಿಳಿಯಿತು. ನಡುವಿನ ಆರು ಮನೆಯವರಿಗೆ ಹೆಚ್ಚೆಂದರೆ ಸಾವಿರದಿನ್ನೂರೈವತ್ತರ ವ್ಯತ್ಯಾಸ. ಹೀಗಾಗಿ ಸಭೆಯಲ್ಲಿ ಜೋರು ದನಿ ಯಾವಾಗಲೂ ಬೀದಿಯ ಎರಡು ತುದಿಗಳದು.

ಕಾರ್ನರ್ ಸೈಟೆಂದರೆ ಬೆಂಗಳೂರಿನಲ್ಲಿ ಬಿಡಿಎ ಬೇರೆಯಾಗಿ ಹರಾಜಿಗಿಡುವಷ್ಟು ಬೆಲೆಬಾಳುವ ಮಾಲು. ಮಿನ್ನೆಸೋಟದಲ್ಲಿ ಅದರ ಒಡೆಯನಿಗೆ ಎರಡು ರಸ್ತೆಯ ಲಕೋಟೆ ಬರುವ ಅಪಾಯ. ಅದಕ್ಕೇ ಹಲವು ನಗರಗಳು ಉದ್ದ ಬದಿಗೆ ರಿಯಾಯಿತಿ ಕೊಡುತ್ತವೆ, ಇಲ್ಲವೇ ಒಂದೇ ಕಡೆಯ ಅಡಿ ಎಣಿಸುತ್ತವೆ. ಬಿಟ್ಟುಕೊಟ್ಟ ಮೊತ್ತ ಗಾಳಿಯಲ್ಲಿ ಕರಗುವುದಿಲ್ಲವಲ್ಲ, ಉಳಿದ ಮನೆಗಳ ಮೇಲೋ ನಗರದ ಬೊಕ್ಕಸದ ಮೇಲೋ ಬೀಳುತ್ತದೆ. ಮಿನಿಯಾಪೊಲಿಸ್ ನಗರ ಅಡಿಯ ಗೊಡವೆಯನ್ನೇ ಬಿಟ್ಟು, ಚದರಡಿಗೆ ಇಷ್ಟೆಂಬ ಏಕರೂಪ ದರ ಇಟ್ಟುಕೊಂಡಿದೆ. ರಸ್ತೆಗೆ ಹತ್ತಿರದ ಜಾಗಕ್ಕೊಂದು, ತುಸು ದೂರದ್ದಕ್ಕೊಂದು; ವಾಸಕ್ಕೊಂದು, ವ್ಯಾಪಾರಕ್ಕೊಂದು.

ಒಟ್ಟು ಖರ್ಚಿನಲ್ಲಿ ಜನರ ಪಾಲು ಎಷ್ಟಿರಬೇಕು ಎಂಬುದಕ್ಕೂ ಒಂದು ಕಥೆಯಿದೆ. ಕಾಮಗಾರಿ ವೆಚ್ಚದ ಕನಿಷ್ಠ ಶೇ 20ನ್ನು ಆಸ್ತಿದಾರರಿಂದ ವಸೂಲು ಮಾಡುವುದಾದರೆ, ಮತದಾರರ ಒಪ್ಪಿಗೆ ಕೇಳದೆಯೇ ಬಾಂಡ್ ಹೊರಡಿಸಿ ಸಾಲ ಎತ್ತಲು ಕಾನೂನು ಬಿಡುತ್ತದೆ. ಅದಕ್ಕಿಂತ ಕಡಿಮೆಯಾದರೆ ಮತದಾನಕ್ಕೆ ಹೋಗಬೇಕಾದೀತು. ನ್ಯಾಯದ ಹಂಚಿಕೆ, ಲಾಭ ಪಡೆದವರ ಹೊಣೆ ಎಂದೆಲ್ಲ ಸಭೆಯಲ್ಲಿ ವಿವರಣೆ ಬರುತ್ತದೆ ನಿಜ. ಆದರೆ ಆ ಶೇ 20ರ ಗೆರೆಗೆ ಸಾಲದ ಅನುಕೂಲ ಅಂಟಿಕೊಂಡಿದೆ ಎಂಬುದನ್ನು ಮರೆತರೆ ಕೌನ್ಸಿಲ್‌ಗಳು ಈ ಪದ್ಧತಿಯನ್ನು ಸುಲಭವಾಗಿ ಕೈಬಿಡದಿರುವುದು ಅರ್ಥವಾಗುವುದಿಲ್ಲ.

ರಸ್ತೆಯಿಂದ ಲಾಭವಾದವನು ರಸ್ತೆಗೆ ಕೊಡಲಿ ಎಂಬ ವಾದ ಹೊಸದೇನಲ್ಲ. 1666ರ ಬೆಂಕಿಯಲ್ಲಿ ಲಂಡನ್ ಸುಟ್ಟುಹೋದ ಮೇಲೆ, ಬೀದಿ ಅಗಲವಾಗಿ ಅನುಕೂಲ ಪಡೆದ ಮನೆಗಳಿಂದ ಹಣ ಪಡೆಯಲು ಮರುವರ್ಷದ ಕಾಯ್ದೆ ಅವಕಾಶ ಕೊಟ್ಟಿತ್ತು. 1691ರಲ್ಲಿ ನ್ಯೂಯಾರ್ಕ್ ಪ್ರಾಂತ್ಯ ಅದನ್ನೇ ಅನುಸರಿಸಿತು. 19ನೇ ಶತಮಾನದಲ್ಲಿ ಅಮೆರಿಕದ ನಗರಗಳು ಬೆಳೆದದ್ದರಲ್ಲಿ ಈ ವಸೂಲಿಯ ಪಾತ್ರ ದೊಡ್ಡದು. ಅದು ಅತಿಗೆ ಹೋದಾಗ ಏನಾಗುತ್ತದೆಂಬುದಕ್ಕೆ ಒಹಾಯೊ ರಾಜ್ಯದ ನಾರ್‌ವುಡ್ ಎಂಬ ಪುಟ್ಟ ಊರಿನ ಪ್ರಕರಣ ಪ್ರಸಿದ್ಧ. ಅಲ್ಲಿ ಒಬ್ಬ ಹೆಣ್ಣುಮಗಳ ಜಮೀನಿನ ನಡುವೆ ರಸ್ತೆ ಮಾಡಲು ಊರಾಡಳಿತ 50 ಅಡಿ ಅಗಲದ ಪಟ್ಟಿಯನ್ನು ವಶಪಡಿಸಿಕೊಂಡಿತು. ಜ್ಯೂರಿ 2,000 ಡಾಲರ್ ಪರಿಹಾರ ಗೊತ್ತುಮಾಡಿತು. ಆಮೇಲೆ ಊರಾಡಳಿತ ಆ ಪರಿಹಾರ, ಅದರ ಜೊತೆಗೆ ಕೋರ್ಟು ಕಚೇರಿಯ ಖರ್ಚು ಎಲ್ಲ ಸೇರಿಸಿ 2,218 ಡಾಲರ್ 58 ಸೆಂಟನ್ನು ಆಕೆಯ ಉಳಿದ ಜಮೀನಿನ ಮೇಲೆಯೇ ಹೇರಿತು! ನೆಲ ಕಳೆದುಕೊಂಡದ್ದಕ್ಕೆ ಆಕೆಯೇ ಕೈಯಿಂದ ಇನ್ನೂರು ಚಿಲ್ಲರೆ ಡಾಲರ್ ಕೊಟ್ಟ ಹಾಗಾಯಿತು. 1898ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಇದನ್ನು ಒಪ್ಪಲಿಲ್ಲ. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಜಾನ್ ಮಾರ್ಷಲ್ ಹಾರ್ಲನ್, ಆಸ್ತಿಗೆ ಆದ ಲಾಭಕ್ಕಿಂತ ಗಣನೀಯವಾಗಿ ಹೆಚ್ಚು ವಸೂಲು ಮಾಡಿದರೆ ಆ ಹೆಚ್ಚುವರಿಯಷ್ಟು ಆಸ್ತಿಯನ್ನು ಪರಿಹಾರವಿಲ್ಲದೆ ಕಿತ್ತುಕೊಂಡಂತೆ ಎಂದರು.

ಆ ತೀರ್ಪಿನ ಬಿಸಿ ಮೂರು ವರ್ಷವೂ ಉಳಿಯಲಿಲ್ಲ. 1901ರಲ್ಲಿ ಮಿಸೌರಿಯ ಕ್ಯಾನ್ಸಸ್ ಸಿಟಿಯಲ್ಲಿ ಡಾಂಬರು ರಸ್ತೆಯ ಖರ್ಚನ್ನು ಅಡಿ ಲೆಕ್ಕದಲ್ಲಿ ಹಂಚಿದ ಪ್ರಕರಣ ಅದೇ ಕೋರ್ಟಿನ ಮುಂದೆ ಬಂತು. ಒಂದೊಂದು ಸೈಟಿಗೂ ಎಷ್ಟು ಲಾಭವೆಂದು ಬೇರೆಬೇರೆಯಾಗಿ ವಿಚಾರಿಸಬೇಕಿಲ್ಲ, ಅಡಿ ಲೆಕ್ಕ ಸಾಕು ಎಂದು ಬಹುಮತ ಹೇಳಿತು. ಹಾರ್ಲನ್ ಈ ಸಲ ಭಿನ್ನಮತದ ಕಡೆ ಕೂತರು.

ದೇಶದ ಮಟ್ಟದಲ್ಲಿ ಹೀಗೆ ಸಡಿಲವಾದ ಹಗ್ಗವನ್ನು ಮಿನ್ನೆಸೋಟ ತನ್ನಲ್ಲಿ ಬಿಗಿ ಮಾಡಿಕೊಂಡಿತು. ವಿಂಡಮ್ ಎಂಬ ಸಣ್ಣ ಪಟ್ಟಣದ ಪ್ರಕರಣದಲ್ಲಿ 1976ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿದ ಮಾತು ಇಂದಿಗೂ ಅಲ್ಲಿ ಮೂಲಮಂತ್ರ. ಆಸ್ತಿಗೆ ಕಾಮಗಾರಿಯಿಂದ ವಿಶೇಷ ಲಾಭ ಆಗಿರಬೇಕು, ಒಂದೇ ವರ್ಗದ ಆಸ್ತಿಗಳಿಗೆ ಒಂದೇ ನ್ಯಾಯ ಇರಬೇಕು, ವಸೂಲಿ ಆ ಲಾಭವನ್ನು ಮೀರಬಾರದು. ಲಾಭವೆಂದರೆ ಆ ಆಸ್ತಿಯ ಮಾರುಕಟ್ಟೆ ಬೆಲೆಯಲ್ಲಿ ಆದ ಏರಿಕೆ.

ನನ್ನ ಮಟ್ಟಿಗೆ ಇಡೀ ವ್ಯವಸ್ಥೆಯ ತೊಡಕು ಇಲ್ಲಿದೆ. ಎಂಜಿನಿಯರು ಅಳೆಯುವುದು ಅಡಿ, ಚದರಡಿ, ಮನೆಯ ಸಂಖ್ಯೆ. ಕೋರ್ಟು ಅಳೆಯುವುದು ಬೆಲೆಯ ಏರಿಕೆ. ಮೊದಲಿನ ಮೂರೂ ಕೊನೆಯದನ್ನು ಅಳೆಯುವುದಿಲ್ಲ, ಅಂದಾಜು ಮಾಡುತ್ತವೆ ಅಷ್ಟೆ. ಹಳೆಯ ರಸ್ತೆಯಿದ್ದ ಮನೆಗೆ ಹೊಸ ರಸ್ತೆ ಬಂದರೆ ಬೆಲೆ ಎಷ್ಟು ಏರುತ್ತದೆ? ಕೊಳ್ಳಲು ಬಂದವರು ಅಡುಗೆಮನೆ ನೋಡುತ್ತಾರೆ, ಮಕ್ಕಳ ಶಾಲೆ ಯಾವುದೆಂದು ಕೇಳುತ್ತಾರೆ. ಡಾಂಬರಿನಡಿಯ ಮರಳಿನ ಪದರ ಎಷ್ಟು ದಪ್ಪವೆಂದು ಕೇಳಿದವರುಂಟೇ? ಮಣ್ಣು ರಸ್ತೆಗೆ ಮೊದಲ ಬಾರಿ ಡಾಂಬರು ಬಿದ್ದಾಗ ಲಾಭ ಕಣ್ಣಿಗೆ ಕಾಣುತ್ತದೆ. ‘ನನಗೆ ಆಗಲೂ ರಸ್ತೆ ಇತ್ತು, ಈಗಲೂ ಇದೆ’ ಎನ್ನುವ ಮನೆಯವನಿಗೆ ಉತ್ತರ ಕೊಡುವುದು ಕಷ್ಟ.

ಆ ಉತ್ತರ ಕೊಡಲು ಮೌಲ್ಯಮಾಪಕರೆಂಬ ವೃತ್ತಿಯವರಿದ್ದಾರೆ. ಕಾಮಗಾರಿಗೆ ಮುಂಚಿನ ಬೆಲೆ, ನಂತರದ ಬೆಲೆ ಎಂದು ಎರಡು ಅಂದಾಜು ಕೊಡುವುದು ಅವರ ಕೆಲಸ. ಕೋರ್ಟಿನಲ್ಲಿ ನಗರದ ಪಟ್ಟಿಯೇ ಮೇಲ್ನೋಟಕ್ಕೆ ಸರಿ ಎಂದು ಶುರುವಾಗುತ್ತದೆ. ಸುಳ್ಳೆಂದು ತೋರಿಸುವ ಹೊರೆ ಮನೆಯವನದು. ಅದಕ್ಕೆ ಅವನೂ ಮೌಲ್ಯಮಾಪಕನನ್ನು ತರಬೇಕು, ವಕೀಲನನ್ನು ಹಿಡಿಯಬೇಕು. ಗೆದ್ದರೂ ಮೊತ್ತವನ್ನು ನ್ಯಾಯಾಧೀಶರು ತಾವೇ ಇಳಿಸುವಂತಿಲ್ಲ. ಪಟ್ಟಿಯನ್ನು ರದ್ದು ಮಾಡಿ ಮತ್ತೆ ಲೆಕ್ಕ ಹಾಕಿ ಎಂದು ಕೌನ್ಸಿಲ್‌ಗೇ ಕಳಿಸುತ್ತಾರೆ. ಎಂಟು ಸಾವಿರದ ಬಿಲ್ಲಿಗೆ ಇಷ್ಟೆಲ್ಲ ಯಾರು ಓಡಾಡುತ್ತಾರೆ? ದೊಡ್ಡ ಮೊತ್ತ ಬಿದ್ದ ವ್ಯಾಪಾರ ಮಳಿಗೆಯವರಿಗೆ ಇದು ಗಿಟ್ಟುತ್ತದೆ, ಒಂಟಿ ಮನೆಯವನಿಗೆ ಗಿಟ್ಟುವುದಿಲ್ಲ. ಇದನ್ನರಿತ ಎಚ್ಚರದ ನಗರಗಳು ಪಟ್ಟಿ ಮಾಡುವ ಮೊದಲೇ ಮಾದರಿ ಮನೆಗಳ ಮೌಲ್ಯಮಾಪನ ಮಾಡಿಸಿ, ಪಾಲನ್ನು ಅದರೊಳಗೇ ಇಡುತ್ತವೆ.

ಕಟ್ಟುವ ವಿಧಾನದಲ್ಲಿ ದಯೆ ಉಂಟು. ಅಂಗೀಕಾರವಾದ 30 ದಿನದೊಳಗೆ ಪೂರ್ತಿ ಕಟ್ಟಿದರೆ ಬಡ್ಡಿಯಿಲ್ಲ. ಇಲ್ಲದಿದ್ದರೆ ಕಂತುಗಳಾಗಿ ಆಸ್ತಿ ತೆರಿಗೆಯ ಜೊತೆಗೇ ವಸೂಲಾಗುತ್ತದೆ, ಕಾನೂನಿನ ಪ್ರಕಾರ 30 ವರ್ಷದವರೆಗೂ ಎಳೆಯಬಹುದು. 65 ದಾಟಿ ಕೈ ಬಿಗಿಯಿರುವವರಿಗೆ ಕೌನ್ಸಿಲ್ ಮನಸ್ಸು ಮಾಡಿದರೆ ಮುಂದೂಡಿಕೆ ಕೊಡಬಹುದು. ಮನೆ ಮಾರಿದಾಗ ಬಾಕಿ ಎದುರಿಗೆ ಬಂದು ನಿಲ್ಲುತ್ತದೆ.

ಸೇಂಟ್ ಪಾಲ್ ನಗರ ಇದೇ ದಾರಿಯನ್ನು ಇನ್ನಷ್ಟು ಹಿಗ್ಗಿಸಲು ಹೋಗಿ ಪೆಟ್ಟು ತಿಂದಿತು. ಆಸ್ತಿ ತೆರಿಗೆಯಿಂದ ಚರ್ಚುಗಳಿಗೆ ವಿನಾಯಿತಿ ಇದೆ, ಸ್ಪೆಷಲ್ ಅಸೆಸ್‌ಮೆಂಟಿನಿಂದ ಇಲ್ಲ. ಹಿಮ ಬಳಿಯುವುದು, ರಸ್ತೆ ದುರಸ್ತಿ ಇತ್ಯಾದಿ ವರ್ಷವರ್ಷದ ಖರ್ಚನ್ನು ನಗರ ಅಡಿ ಲೆಕ್ಕದಲ್ಲಿ ಎಲ್ಲರ ಮೇಲೂ ಹಾಕುತ್ತಿತ್ತು. ಇದು ತೆರಿಗೆಯಲ್ಲ, ಶುಲ್ಕ ಎಂಬುದು ಅದರ ವಾದ. ಶುಲ್ಕವಾದರೆ ಲಾಭ ತೋರಿಸುವ ತಾಪತ್ರಯ ಇಲ್ಲವಲ್ಲ. ಎರಡು ಚರ್ಚುಗಳು ಕೋರ್ಟಿಗೆ ಹೋದವು. ಇದು ತೆರಿಗೆಯೇ, ಸಂವಿಧಾನದ ಮಿತಿ ಇದಕ್ಕೂ ಅನ್ವಯ ಎಂದು 2016ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. ಮುಂದಿನ ವರ್ಷಗಳಲ್ಲಿ ನಗರ ಆ ಖರ್ಚಿನ ದೊಡ್ಡ ಪಾಲನ್ನು ಆಸ್ತಿ ತೆರಿಗೆಗೆ ಸಾಗಿಸಬೇಕಾಯಿತು.

ಬೆಂಗಳೂರಿನವರು ‘ಬೆಟರ್‌ಮೆಂಟ್ ಚಾರ್ಜು’ ಎಂದರೆ ತಟ್ಟನೆ ಖಾತೆ ನೆನೆಯುತ್ತಾರೆ. ಅದರ ಬೇರು ಇದೇ ವಿಚಾರದಲ್ಲಿದೆ: ಅಭಿವೃದ್ಧಿಯಿಂದ ಜಾಗದ ಬೆಲೆ ಏರಿತು, ಏರಿದ್ದರಲ್ಲಿ ಒಂದು ಪಾಲು ಸಾರ್ವಜನಿಕರದು. 1915ರ ಬಾಂಬೆ ನಗರ ಯೋಜನಾ ಕಾಯ್ದೆಯಲ್ಲಿ ಇದು ಇತ್ತು, 1976ರ ಬಿಡಿಎ ಕಾಯ್ದೆಯಲ್ಲೂ ಬೆಟರ್‌ಮೆಂಟ್ ತೆರಿಗೆಯ ಕಲಮಿದೆ. ಆಚರಣೆಯಲ್ಲಿ ಅದು ಖಾತೆ ಮಾಡಿಸುವಾಗ ಒಮ್ಮೆ ಕಟ್ಟಿ ಮುಗಿಸುವ ಮೊತ್ತವಾಗಿ ಉಳಿದಿದೆ. ಮನೆ ಮುಂದೆ ರಸ್ತೆ ಬಂತೋ ಇಲ್ಲವೋ ಎಂಬುದಕ್ಕೂ ಅದಕ್ಕೂ ಗಂಟು ಬಿದ್ದಿಲ್ಲ. ಅದೇ ಬೆಂಗಳೂರಿನ ಚರ್ಚ್ ಸ್ಟ್ರೀಟಿಗೆ ಕಲ್ಲು ಹಾಸಿ 2018ರಲ್ಲಿ ಹೊಸ ರೂಪ ಕೊಟ್ಟಾಗ ಅಲ್ಲಿನ ಅಂಗಡಿ ಮಾಲೀಕರಿಗೆ ಅಡಿ ಲೆಕ್ಕದ ಬಿಲ್ಲೇನೂ ಹೋಗಲಿಲ್ಲ. ದುಡ್ಡು ಸರ್ಕಾರದ್ದು, ಅಂದರೆ ಆ ಬೀದಿಗೆ ಎಂದೂ ಕಾಲಿಡದವರದ್ದೂ ಹೌದು.

ಜರ್ಮನಿಯಲ್ಲಿ ಅಳತೆಗೋಲು ಇನ್ನೊಂದು ಬಗೆ. ಅಲ್ಲಿ ಹಲವು ಊರುಗಳು ಜಾಗದ ವಿಸ್ತೀರ್ಣವನ್ನು ಎಷ್ಟು ಅಂತಸ್ತು ಕಟ್ಟಲು ಅನುಮತಿಯಿದೆ ಎಂಬುದರ ಜೊತೆ ಗುಣಿಸುತ್ತಿದ್ದವು. ರಸ್ತೆ ಬರೀ ಆ ಬೀದಿಯವರದ್ದಾದರೆ ಅವರ ಪಾಲು ಹೆಚ್ಚು, ಊರೆಲ್ಲ ಓಡಾಡುವ ಹೆದ್ದಾರಿಯಂಥದ್ದಾದರೆ ಕಡಿಮೆ. ಲೆಕ್ಕ ಮಿನ್ನೆಸೋಟದ್ದಕ್ಕಿಂತ ಜಾಣತನದ್ದೆಂದು ನನಗನ್ನಿಸುತ್ತದೆ. ಜನ ಮಾತ್ರ ಒಪ್ಪಲಿಲ್ಲ. ಒಂದೊಂದು ಮನೆಗೆ ಹತ್ತಾರು ಸಾವಿರ ಯೂರೊ ಬಿಲ್ಲು ಬಂದ ಕಡೆಗಳಲ್ಲಿ ವಿರೋಧ ಭುಗಿಲೆದ್ದಿತು. ಬರ್ಲಿನ್ 2012ರಲ್ಲಿ, ಹ್ಯಾಂಬರ್ಗ್ 2016ರಲ್ಲಿ ಕೈಬಿಟ್ಟವು. ಬವೇರಿಯಾದಲ್ಲಿ ‘ಫ್ರೈಯೆ ವೇಲರ್’ ಪಕ್ಷ ಸಹಿ ಸಂಗ್ರಹಕ್ಕಿಳಿದ ಮೇಲೆ, ಚುನಾವಣೆಯ ವರ್ಷವಾದ 2018ರಲ್ಲಿ ಶಾಸನಸಭೆ ಈ ವಸೂಲಿಯನ್ನು ಜನವರಿ 1ರಿಂದ ಪೂರ್ವಾನ್ವಯವಾಗಿ ರದ್ದು ಮಾಡಿತು.

ರದ್ದು ಮಾಡುವುದು ಹಂಚುವುದಕ್ಕಿಂತ ಸುಲಭವೇನಲ್ಲ. ಮಿನ್ನೆಸೋಟದ ಕೆಲವು ಉಪನಗರಗಳು ಈಗ ಮನೆಗೆ ಬಿಲ್ಲು ಕಳಿಸುವ ಬದಲು ವಿದ್ಯುತ್, ಗ್ಯಾಸ್ ಬಿಲ್ಲಿನ ಮೇಲೆ ತಿಂಗಳಿಗೆ ಕೆಲವು ಡಾಲರ್ ಹಾಕಿ ರಸ್ತೆ ನಿಧಿ ಮಾಡಿಕೊಳ್ಳುತ್ತಿವೆ, ಇಲ್ಲವೇ ಆಸ್ತಿ ತೆರಿಗೆ ಏರಿಸುತ್ತಿವೆ. ಆಗ ಏಳುವ ದನಿ ನಿನ್ನೆ ಮೊನ್ನೆ ತಮ್ಮ ಬೀದಿಗೆ ಎಂಟು ಸಾವಿರ ಕಟ್ಟಿದವರದು. ಅವರ ರಸ್ತೆಗೆ ಅವರೇ ಕೊಟ್ಟಾಯಿತು, ಇನ್ನು ಮುಂದೆ ಪಕ್ಕದ ಬೀದಿಯದಕ್ಕೂ ಕೊಡಬೇಕು. ಬವೇರಿಯಾ ಇದಕ್ಕೆಂದು 5 ಕೋಟಿ ಯೂರೊಗಳ ಸಂಕಷ್ಟ ನಿಧಿಯೊಂದನ್ನು ಮಾಡಿತು. ಅರ್ಜಿ ಹಾಕಲು ಅವಕಾಶ ಇದ್ದದ್ದು 2014ರಿಂದ 2017ರ ನಡುವೆ ಬಿಲ್ಲು ಬಂದವರಿಗೆ. 2013ರ ಡಿಸೆಂಬರಿನಲ್ಲಿ ಬಿಲ್ಲು ಬಂದ ಮನೆಗೆ ಅದೂ ಇರಲಿಲ್ಲ.