ಹೊತ್ತು ತಂದವರಿಗೆಲ್ಲ ಪಾಲುಂಟು ಮೇಲುಕೋಟೆಯಲ್ಲಿ

ಮಾರ್ಚ್ ಕೊನೆಯಲ್ಲೋ ಏಪ್ರಿಲ್ ಮೊದಲಲ್ಲೋ, ಒಂದು ಬೆಳಿಗ್ಗೆ ಮಂಡ್ಯದ ಜಿಲ್ಲಾ ಖಜಾನೆಯಿಂದ ತಿರುವಾಭರಣದ ಪೆಟ್ಟಿಗೆಗಳು ಹೊರಬರುತ್ತವೆ. ಅಧಿಕಾರಿಗಳು, ಸ್ಥಾನೀಕರು, ಅರ್ಚಕರು ಕೂಡಿ ಪೂಜೆ ಸಲ್ಲಿಸಿದ ಮೇಲೆ ಪೊಲೀಸ್ ಬಂದೋಬಸ್ತಿನಲ್ಲಿ ವಾಹನ ಹೊರಡುತ್ತದೆ. ದಾರಿಯ ಊರೂರಲ್ಲಿ ಜನ ರಸ್ತೆಗೆ ನೀರು ಹಾಕಿ, ರಂಗೋಲಿ ಬಿಟ್ಟು, ಹಣ್ಣುಕಾಯಿ ಹಿಡಿದು ಕಾಯುತ್ತಿರುತ್ತಾರೆ. ಪೆಟ್ಟಿಗೆಯೊಳಗಿನ ಕಿರೀಟ ಅವರ ಕಣ್ಣಿಗೆ ಬೀಳುವುದಿಲ್ಲ. ಊರ ಮುಂದೆ ಹಾದುಹೋದರೂ ಅವರಿಗೆ ಅದೇ ದರ್ಶನ. ಸಂಜೆಯ ಹೊತ್ತಿಗೆ ಪೆಟ್ಟಿಗೆ ಮೇಲುಕೋಟೆಯ ಬೆಟ್ಟ ಹತ್ತುತ್ತದೆ. ಅಂದಿನ ರಾತ್ರಿಯೇ ವೈರಮುಡಿ ಉತ್ಸವ.

ಪಾಂಡವಪುರ ತಾಲ್ಲೂಕಿನ ಈ ಕಲ್ಲುಬೆಟ್ಟದ ಊರಿಗೆ ಯಾದವಗಿರಿ, ತಿರುನಾರಾಯಣಪುರ ಎಂಬ ಹೆಸರುಗಳೂ ಇವೆ. ಇಲ್ಲಿನ ಚೆಲುವನಾರಾಯಣಸ್ವಾಮಿ ದೇವಾಲಯ ಶ್ರೀವೈಷ್ಣವರಿಗೆ ಶ್ರೀರಂಗ, ತಿರುಪತಿ, ಕಂಚಿಗಳ ಸಾಲಿನ ಕ್ಷೇತ್ರ. ಮಂಡ್ಯ ಸೀಮೆಯ ಒಕ್ಕಲು ಮಕ್ಕಳಿಗೆ ಇದು ಮನೆದೇವರ ಗುಡಿ. ಚೆಲುವಯ್ಯ, ಚೆಲುವಮ್ಮ ಎಂದು ಹೆಸರಿಟ್ಟುಕೊಂಡವರು ಈ ಭಾಗದ ಹಳ್ಳಿಹಳ್ಳಿಯಲ್ಲೂ ಸಿಗುತ್ತಾರೆ. ಇಲ್ಲಿನ ಕಥೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ, ಎಲ್ಲದರಲ್ಲೂ ಯಾರೋ ಯಾವುದನ್ನೋ ದೂರದಿಂದ ಹೊತ್ತು ತರುತ್ತಾರೆ. ಹಾಗೆ ತಂದವರಿಗೂ ಜೊತೆಗೆ ಬಂದವರಿಗೂ ಪೂಜೆಯಲ್ಲಿ ಒಂದು ಪಾಲು ಸಿಗುತ್ತದೆ. ಈ ಗುಡಿಯ ದೊಡ್ಡತನ ಇರುವುದು ಅಲ್ಲಿ.

ಮೊದಲು ಬಂದವರು ರಾಮಾನುಜಾಚಾರ್ಯರು. ಚೋಳನಾಡಿನಲ್ಲಿ ಇರಲಾಗದೆ ಹೊಯ್ಸಳ ಸೀಮೆಗೆ ಬಂದ ಅವರಿಗೆ ಬಿಟ್ಟಿದೇವ, ಅಂದರೆ ವಿಷ್ಣುವರ್ಧನ, ಆಶ್ರಯ ಕೊಟ್ಟ. ಆಚಾರ್ಯರು ತೊಣ್ಣೂರಿನಲ್ಲಿದ್ದಾಗ ಹಣೆಗಿಡುವ ತಿರುಮಣ್ಣು ಮುಗಿಯಿತಂತೆ. ಸ್ವಾಮಿ ಕನಸಿನಲ್ಲಿ ಬಂದು ಬೆಟ್ಟದ ಮೇಲಿನ ಬಿಳಿ ಮಣ್ಣಿನ ಜಾಗ ತೋರಿದನಂತೆ. ಕಾಡು ಸವರಿ ಹೋದಾಗ ತುಳಸಿಯ ನಡುವೆ ಹುತ್ತದೊಳಗೆ ತಿರುನಾರಾಯಣನ ಮೂಲಮೂರ್ತಿ ಸಿಕ್ಕಿತು ಎಂಬುದು ಸ್ಥಳದ ನಂಬಿಕೆ. ಮೇಲುಕೋಟೆಯ ನಾಮದ ಮಣ್ಣು ಮುಂದೆ ನಾಡಿನಾಚೆಗೂ ಹೆಸರಾಯಿತು.

ಮೂಲಮೂರ್ತಿ ಸಿಕ್ಕಿತು, ಉತ್ಸವಮೂರ್ತಿ ಇರಲಿಲ್ಲ. ಅದು ದೆಹಲಿಯ ಸುಲ್ತಾನನ ಅರಮನೆಯಲ್ಲಿದೆ ಎಂದು ತಿಳಿದು ಆಚಾರ್ಯರು ಅಲ್ಲಿಗೆ ಹೋದರು. ಸುಲ್ತಾನನ ಮಗಳು ಆ ಮೂರ್ತಿಯನ್ನು ಗೊಂಬೆಯಂತೆ ಆಡಿಸುತ್ತಿದ್ದಳು. ಆಚಾರ್ಯರು ‘ಬಾ ನನ್ನ ಮಗುವೇ’ ಎಂದು ಕರೆದಾಗ ಅದು ಗೆಜ್ಜೆ ಕುಣಿಸುತ್ತ ಬಂದು ಅವರ ತೊಡೆಯೇರಿ ಕೂತಿತಂತೆ. ಅಂದಿನಿಂದ ಆತ ಚೆಲುವಪಿಳ್ಳೆ. ಅಗಲಿಕೆ ತಾಳಲಾರದ ರಾಜಕುಮಾರಿ ಹಿಂದೆಯೇ ಬಂದು ಕೊನೆಗೆ ಸ್ವಾಮಿಯಲ್ಲಿ ಒಂದಾದಳು. ಬೀಬಿ ನಾಚ್ಚಿಯಾರ್ ಎಂಬ ಹೆಸರಿನಲ್ಲಿ ಅವಳು ಇಂದಿಗೂ ಚೆಲುವಪಿಳ್ಳೆಯ ಪಾದದ ಬಳಿ ಪೂಜೆಗೊಳ್ಳುತ್ತಾಳೆ.

ಇತಿಹಾಸದ ತಾರೀಖುಗಳು ಈ ಕಥೆಗೆ ಹೊಂದುವುದಿಲ್ಲ. ದೆಹಲಿಯಲ್ಲಿ ಸುಲ್ತಾನರ ಆಳ್ವಿಕೆ ಶುರುವಾದದ್ದು 1206ರಲ್ಲಿ. ರಾಮಾನುಜರು ಅದಕ್ಕೂ ಬಹಳ ಹಿಂದಿನವರು. ಆದರೂ ಒಬ್ಬ ಮುಸ್ಲಿಂ ಹೆಣ್ಣುಮಗಳ ಭಕ್ತಿಗೆ ಗರ್ಭಗುಡಿಯಲ್ಲೇ ಜಾಗ ಕೊಟ್ಟು, ನೂರಾರು ವರ್ಷ ತಪ್ಪದೆ ಅವಳಿಗೂ ಪೂಜೆ ಸಲ್ಲಿಸಿಕೊಂಡು ಬಂದಿರುವ ಆಚಾರ ಕಣ್ಣೆದುರಿನ ಸತ್ಯ.

ದೆಹಲಿಯಿಂದ ಮರಳುವಾಗ ಮೂರ್ತಿಯನ್ನು ಕಾಪಾಡಿ ತರಲು ನೆರವಾದವರು ಅಂದು ಅಸ್ಪೃಶ್ಯರೆನಿಸಿಕೊಂಡಿದ್ದ ಜನ. ಆಚಾರ್ಯರು ಅವರನ್ನು ತಿರುಕುಲದವರು ಎಂದು ಕರೆದು ದೇವಾಲಯ ಪ್ರವೇಶದ ಹಕ್ಕು ಕೊಟ್ಟರು ಎನ್ನುತ್ತದೆ ಪರಂಪರೆ. ಆ ಹಕ್ಕು ನಡೆದುಬಂದದ್ದು ವರ್ಷದಲ್ಲಿ ಮೂರು ದಿನ ಮಾತ್ರ. ದೇವರನ್ನು ಕಾಪಾಡಿ ತಂದವರಿಗೆ ಉಳಿದ ದಿನಗಳಲ್ಲಿ ಬಾಗಿಲು ಮುಚ್ಚಿದ್ದು ಅನ್ಯಾಯವೇ. ಆದರೆ ಊರಿಗೆ ಊರೇ ಬಾಗಿಲು ಹಾಕಿಕೊಂಡಿದ್ದ ಕಾಲದಲ್ಲಿ ಆ ಮೂರು ದಿನಗಳೂ ದೊಡ್ಡ ಮಾತಾಗಿದ್ದವು. ವರ್ಷವಿಡೀ ಬಾಗಿಲು ತೆರೆಯಲು ಸ್ವತಂತ್ರ ಭಾರತದ ಕಾನೂನು ಬರಬೇಕಾಯಿತು.

ಇನ್ನು ಮುಡಿಗಳ ಕಥೆ. ಪ್ರಹ್ಲಾದನ ಮಗ ವಿರೋಚನ ಕ್ಷೀರಸಾಗರದಲ್ಲಿ ಮಲಗಿದ್ದ ವಿಷ್ಣುವಿನ ಕಿರೀಟವನ್ನೇ ಕದ್ದೊಯ್ದ. ಗರುಡ ಹೋರಾಡಿ ಬಿಡಿಸಿ ತಂದ ಆ ಕಿರೀಟವೇ ವೈರಮುಡಿ. ಚೆಲುವಪಿಳ್ಳೆಯ ತಲೆಗೇ ಅದು ಒಪ್ಪುವುದು ಎಂದು ಭಕ್ತರು ಹೇಳುತ್ತಾರೆ. ಹಗಲ ಬೆಳಕು ಅದಕ್ಕೆ ಸೋಕಬಾರದೆಂಬ ಕಟ್ಟಳೆ ಇರುವುದರಿಂದ ಉತ್ಸವ ನಡೆಯುವುದು ರಾತ್ರಿಯಲ್ಲೇ. ವೈರಮುಡಿ ಧರಿಸಿ ಶ್ರೀದೇವಿ, ಭೂದೇವಿಯರೊಡನೆ ಗರುಡನನ್ನೇರಿದ ಸ್ವಾಮಿ ಗುಡಿಯ ಸುತ್ತಲ ಬೀದಿಗಳಲ್ಲಿ ಬರುತ್ತಾನೆ. ಮುಂದೆ ದಿವ್ಯಪ್ರಬಂಧದ ಗೋಷ್ಠಿ, ಹಿಂದೆ ವೇದಪಾರಾಯಣ. ಜಗಲಿ, ಮಾಳಿಗೆ, ಬಂಡೆ ಎಲ್ಲೆಲ್ಲೂ ಜನ. ‘ಗೋವಿಂದಾ’ ಎಂಬ ಕೂಗು ಬೆಟ್ಟದ ಮೇಲಿನ ಯೋಗನರಸಿಂಹನ ಗುಡಿಯವರೆಗೂ ಮುಟ್ಟುತ್ತದೆ.

ಮೈಸೂರು ಅರಸರು ಕೊಟ್ಟ ಮುಡಿಗಳು ಇನ್ನೆರಡಿವೆ. 1578ರಿಂದ 1617ರವರೆಗೆ ಆಳಿದ ರಾಜ ಒಡೆಯರ ಕಾಣಿಕೆ ರಾಜಮುಡಿ. ಮುಮ್ಮಡಿ ಕೃಷ್ಣರಾಜ ಒಡೆಯರದು ಕೃಷ್ಣರಾಜಮುಡಿ. ಇವುಗಳಿಗೂ ಬೇರೆ ಬೇರೆ ಮಾಸಗಳಲ್ಲಿ ಬ್ರಹ್ಮೋತ್ಸವ ನಡೆಯುತ್ತದೆ. ರಾಜ ಒಡೆಯರು ಕೊನೆಗಾಲದಲ್ಲಿ ಗರ್ಭಗುಡಿ ಹೊಕ್ಕವರು ಹೊರಬರಲೇ ಇಲ್ಲ, ಸ್ವಾಮಿಯಲ್ಲೇ ಐಕ್ಯವಾದರು ಎಂಬ ಮಾತಿದೆ. ಗುಡಿಯ ಕಂಬವೊಂದರಲ್ಲಿ ಕೈಮುಗಿದು ನಿಂತ ಅವರ ಉಬ್ಬುಶಿಲ್ಪವಿದೆ. ರಾಜಮುಡಿ ಉತ್ಸವದ ಬೆನ್ನಿಗೆ ಬರುವುದು ತೊಟ್ಟಿಲಮಡು ಜಾತ್ರೆ. ಬೆಟ್ಟದ ಸುತ್ತಲ ಅಷ್ಟತೀರ್ಥಗಳಲ್ಲಿ ಮಿಂದು ಮಕ್ಕಳಿಗಾಗಿ ಹರಕೆ ಹೊರುವ ದಂಪತಿಗಳು ಅಂದು ದೂರದ ಹಳ್ಳಿಗಳಿಂದ ಬರುತ್ತಾರೆ. ವೈರಮುಡಿಯ ವೈಭವದ ಮುಂದೆ ಇದಕ್ಕೆ ಪ್ರಚಾರ ಕಡಿಮೆ. ಆದರೆ ಹಳ್ಳಿಯ ಹೆಣ್ಣುಮಕ್ಕಳಿಗೆ ಚೆಲುವರಾಯ ಹತ್ತಿರದವನಾಗುವುದು ಈ ಜಾತ್ರೆಯಲ್ಲೇ.

ಪೂಜೆ ನಡೆಯುವುದು ಪಾಂಚರಾತ್ರ ಆಗಮದಂತೆ. ಪ್ರಾಕಾರದೊಳಗೆ ಯದುಗಿರಿ ನಾಚ್ಚಿಯಾರ್ ಸನ್ನಿಧಿಯಿದೆ, ರಾಮಾನುಜರ ಸನ್ನಿಧಿಯಿದೆ. ಆಚಾರ್ಯರು ಶ್ರೀರಂಗಕ್ಕೆ ಮರಳಲು ಹೊರಟಾಗ ಶಿಷ್ಯರು ಅಗಲಲಾರದೆ ದುಃಖಿಸಿದರಂತೆ. ಅವರ ಸಮಾಧಾನಕ್ಕಾಗಿ ಆಚಾರ್ಯರ ವಿಗ್ರಹವನ್ನೇ ಮಾಡಿಸಿ ಇಲ್ಲಿರಿಸಲಾಯಿತು. ‘ತಮರ್ ಉಗಂದ ತಿರುಮೇನಿ’, ತನ್ನವರು ಮೆಚ್ಚಿದ ಮೂರ್ತಿ ಎಂದು ಅದನ್ನು ಕರೆಯುತ್ತಾರೆ.

ಗುಡಿಯಾಚೆಗೂ ನೋಡಬೇಕಾದ್ದು ಬಹಳ. ಮೆಟ್ಟಿಲುಗಳ ಕಲ್ಯಾಣಿ, ಪಕ್ಕಪಕ್ಕದಲ್ಲೇ ಇರುವ ಅಕ್ಕ–ತಂಗಿ ಕೊಳ, ಅರ್ಧಕ್ಕೇ ನಿಂತ ರಾಯಗೋಪುರದ ಎತ್ತರದ ಕಂಬಗಳು, ಬೆಟ್ಟದ ತುದಿಯಲ್ಲಿ ಯೋಗನರಸಿಂಹ. 1854ರಲ್ಲಿ ಆರಂಭವಾದ ಸಂಸ್ಕೃತ ಪಾಠಶಾಲೆ ಈ ಊರನ್ನು ವಿದ್ಯೆಯ ನೆಲೆಯಾಗಿಸಿತು. ಕವಿ ಪು.ತಿ. ನರಸಿಂಹಾಚಾರ್ ಹುಟ್ಟಿದ್ದು ಇಲ್ಲೇ, 1905ರಲ್ಲಿ. ಅವರ ಮನೆ ಈಗ ಸ್ಮಾರಕ.

ಮೈಸೂರಿನಿಂದ ಇಲ್ಲಿಗೆ ಸುಮಾರು 50 ಕಿ.ಮೀ. ವೈರಮುಡಿಯ ರಾತ್ರಿ ಜನಸಾಗರದಲ್ಲಿ ಒಂದು ಕ್ಷಣ ಸ್ವಾಮಿಯ ಮುಖ ಕಂಡರೆ ಅದೇ ಭಾಗ್ಯ. ಆದರೆ ಗುಡಿಯನ್ನು ಸಾವಧಾನವಾಗಿ ಕಾಣಬೇಕೆನ್ನುವವರು ಉತ್ಸವವಿಲ್ಲದ ಒಂದು ಬೆಳಿಗ್ಗೆ ಬರಬೇಕು. ಮಕ್ಕಳನ್ನು ಕರೆತಂದವರು ಚೆಲುವಪಿಳ್ಳೆಯ ಜೊತೆಗೆ ಬೀಬಿ ನಾಚ್ಚಿಯಾರಳ ಕಥೆಯನ್ನೂ ತಿರುಕುಲದವರ ಕಥೆಯನ್ನೂ ತಪ್ಪದೆ ಹೇಳಬೇಕು. ದೇವರು ಎಲ್ಲರವನು ಎಂಬ ಮಾತನ್ನು ಉಪದೇಶವಾಗಿ ಕೇಳಿದ ಮಕ್ಕಳಿಗೆ, ಅದು ಆಚರಣೆಯಾಗಲು ಎಷ್ಟು ಜನ ಎಷ್ಟು ದೂರ ನಡೆಯಬೇಕಾಯಿತು ಎಂಬುದನ್ನು ಮೇಲುಕೋಟೆ ತೋರಿಸಿಕೊಡುತ್ತದೆ.