ಹನಿ ಹಾಕುವ ಮುನ್ನ ಕೇಳಿಸಿಕೊಂಡವರು

2002ರಲ್ಲಿ ಭಾರತದಲ್ಲಿ 1600 ಮಕ್ಕಳಿಗೆ ಪೋಲಿಯೊ ತಗುಲಿತು. ಮುಕ್ಕಾಲು ಪಾಲಿಗೂ ಹೆಚ್ಚು ಮಕ್ಕಳು ಉತ್ತರ ಪ್ರದೇಶದವರು. ರಾಜ್ಯದ ಪಶ್ಚಿಮ ಭಾಗದ ಬಡ ಮುಸ್ಲಿಂ ಕೇರಿಗಳಿಗೆ ಪೆಟ್ಟು ಜೋರಾಗಿತ್ತು. ಪಲ್ಸ್ ಪೋಲಿಯೊ ಶುರುವಾಗಿ ಆಗಲೇ ಏಳು ವರ್ಷ. ಟೀವಿಯಲ್ಲಿ ಅಮಿತಾಭ್ ಬಚ್ಚನ್ ‘ಎರಡು ಹನಿ’ ಎಂದು ಕೇಳಿಕೊಂಡರು, ಗದರಿದರು. ಆದರೂ ಮೊರಾದಾಬಾದಿನಂಥ ಕಡೆ ಲಸಿಕೆಯವರನ್ನು ಕಂಡರೆ ಎಷ್ಟೋ ಮನೆಗಳ ಬಾಗಿಲು ಮುಚ್ಚುತ್ತಿತ್ತು.

ಅಜ್ಞಾನ ಎಂದು ತಳ್ಳಿಹಾಕುವುದು ಸುಲಭ. ಹನಿ ಹಾಕಿಸಿದರೆ ಮುಂದೆ ಮಕ್ಕಳಾಗುವುದಿಲ್ಲ ಎಂಬ ವದಂತಿ ಶುದ್ಧ ಸುಳ್ಳು, ನಿಜ. ಆದರೆ ತುರ್ತುಪರಿಸ್ಥಿತಿಯ ಕಾಲದಲ್ಲಿ ಬಲವಂತದ ಸಂತಾನಹರಣ ಚಿಕಿತ್ಸೆ ಕಂಡವರು ಇನ್ನೂ ಬದುಕಿದ್ದರು. ಮಗುವಿಗೆ ಜ್ವರ ಬಂದರೆ ಡಾಕ್ಟರಿಲ್ಲ, ಬೀದಿಗೆ ಚರಂಡಿಯಿಲ್ಲ, ಈ ಹನಿ ಮಾತ್ರ ಮತ್ತೆ ಮತ್ತೆ ಮನೆಬಾಗಿಲಿಗೆ ಪುಕ್ಕಟೆ ಬರುವುದೇಕೆ? ಅನುಮಾನ ಹುಟ್ಟದಿದ್ದರೇ ಆಶ್ಚರ್ಯ.

ಇನ್ನೊಂದು ಪ್ರಶ್ನೆಯಂತೂ ವಿಜ್ಞಾನಿಗಳನ್ನೇ ಕೆಣಕುವಂಥದ್ದು: ಅಷ್ಟು ಸಲ ಹಾಕಿಸಿದ ಮಗುವಿಗೂ ಪೋಲಿಯೊ ಬಂತಲ್ಲ? ಬಾಯಿಗೆ ಹಾಕುವ ಲಸಿಕೆಯಲ್ಲಿ ಇರುವುದು ದುರ್ಬಲಗೊಳಿಸಿದ ಜೀವಂತ ವೈರಸ್. ಅದು ಕರುಳಿನಲ್ಲಿ ನೆಲೆಯೂರಿ ಬೆಳೆದರಷ್ಟೇ ರಕ್ಷಣೆ. ಸದಾ ಭೇದಿ, ಬೇರೆ ಸೋಂಕುಗಳಿಂದ ಬಳಲುವ ಕರುಳಿನಲ್ಲಿ ಅದಕ್ಕೆ ಜಾಗ ಸಿಗುವುದು ಕಷ್ಟ. 2006ರಲ್ಲಿ ಪ್ರಕಟವಾದ ಅಧ್ಯಯನವೊಂದರ ಲೆಕ್ಕದಲ್ಲಿ, ಉತ್ತರ ಪ್ರದೇಶದಲ್ಲಿ ಒಂದು ಡೋಸ್ ಒಂದನೇ ಬಗೆಯ ಪೋಲಿಯೊದಿಂದ ನೂರಕ್ಕೆ ಸುಮಾರು ಒಂಬತ್ತು ಮಕ್ಕಳನ್ನಷ್ಟೇ ಕಾಪಾಡುತ್ತಿತ್ತು. ಹಾಗಾಗಿ ‘ಪ್ರತಿ ಸಲವೂ ಹಾಕಿಸಿ’ ಎನ್ನಬೇಕಿತ್ತು. ಯಾಕೆ ಎಂಬುದನ್ನೂ ಬಿಡಿಸಿ ಹೇಳಬೇಕಿತ್ತು.

ಹೇಳುವವರು ಯಾರು? ಯುನಿಸೆಫ್ ನೆರವಿನಲ್ಲಿ ಕಟ್ಟಿದ ಸಾಮಾಜಿಕ ಸಂಚಲನ ಜಾಲ ಅದೇ ಕೇರಿಯ ಹೆಂಗಸರನ್ನು ಆರಿಸಿಕೊಂಡಿತು. ಯಾರ ಮನೆಯಲ್ಲಿ ಬಸುರಿ, ಯಾರ ಮನೆಯಲ್ಲಿ ಹಸುಗೂಸು ಎಂಬುದು ಅವರಿಗೆ ಗೊತ್ತಿತ್ತು. ಹನಿ ಬಿದ್ದ ಮಗುವಿನ ಎಡಗೈ ಕಿರುಬೆರಳಿಗೆ ಶಾಯಿ. ಮಗು ತಪ್ಪಿಹೋದ ಮನೆಯ ಗೋಡೆಗೆ ಸೀಮೆಸುಣ್ಣದ ‘ಎಕ್ಸ್’. ಹನಿ ಹಾಕಿಸಿ ಅದನ್ನು ‘ಪಿ’ ಮಾಡುವವರೆಗೆ ಆ ಕೇರಿಯ ಕಾರ್ಯಕರ್ತೆ ಮತ್ತೆ ಹೋಗಬೇಕು, ಕೂತು ಮಾತಾಡಬೇಕು. ಮಸೀದಿಯ ಮೈಕಿನಲ್ಲಿ ಇಮಾಮರು ಲಸಿಕೆಯ ದಿನ ಸಾರಿದರು. ಅಲಿಗಢ ಮುಸ್ಲಿಂ ವಿಶ್ವವಿದ್ಯಾಲಯ, ಜಾಮಿಯಾ ಮಿಲಿಯಾದವರೂ ಕೈಜೋಡಿಸಿದರು. ಮುಂದೆ ಓಆರ್‌ಎಸ್, ಸತು, ಕೈತೊಳೆಯುವುದು, ಎದೆಹಾಲು ಎಲ್ಲವೂ ಮಾತಿನಲ್ಲಿ ಸೇರಿದವು. ಪೋಲಿಯೊ ಒಂದೇ ಯಾಕೆ ಎಂಬ ಪ್ರಶ್ನೆಗೆ ಕೊನೆಗಾದರೂ ಸಿಕ್ಕ ಉತ್ತರ ಅದು.

ಗೆಲುವು ಬರೀ ಮಾತಿನದಲ್ಲ. 2010ರಲ್ಲಿ ಬಂದ, ಎರಡು ಬಗೆಯ ವೈರಸ್‌ಗೆ ಗುರಿಯಿಟ್ಟ ಲಸಿಕೆಗೂ ದೊಡ್ಡ ಪಾಲು ಸಲ್ಲಬೇಕು. ನಿಸರ್ಗದಲ್ಲಿನ ವೈರಸ್‌ನಿಂದ ಬಂದ ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾದಲ್ಲಿ.

ಕೇಳಿಸಿಕೊಂಡ ಆ ಹೆಂಗಸರ ಪಾಠ ನೆನೆದು, ನಮ್ಮ ಆರೋಗ್ಯ ಇಲಾಖೆಯವರು ಮುಂದಿನ ಲಸಿಕೆಯ ಕರಪತ್ರವನ್ನು ಅಚ್ಚಿಗೆ ಕಳಿಸುವ ಮೊದಲು ಆಶಾ ಕಾರ್ಯಕರ್ತೆಯರನ್ನು ಕೂರಿಸಿಕೊಂಡು, ಮನೆಬಾಗಿಲಲ್ಲಿ ಜನ ಏನು ಕೇಳುತ್ತಾರೆ ಎಂಬುದನ್ನು ಬರೆದುಕೊಳ್ಳಲಿ.